ಬರೆದಿಟ್ಟದ್ದು ಓದಿಗೆ ಸಿಗಲಿ



ಯಾರೂ ಹೇಳದೆ, ಯಾರೂ ಕೇಳದೆ, ತಮ್ಮ ಪಾಡಿಗೆ ತಾವು ವರ್ಷಾನುಗಟ್ಟಲೆ ಬರೆಯುತ್ತ ಬಂದವರು ನಮ್ಮ ಕೊಪ್ಪಳ ಜಿಲ್ಲೆಯ ಊರೂರಲ್ಲಿದ್ದಾರೆ. ಕುಷ್ಟಗಿ ಕಡೆಯ ಒಕ್ಕಲುತನದ ಮನೆಗಳಲ್ಲಿ ರೋಹಿಣಿ ಮಳೆ ಯಾವ ದಿನ ಬಂತು, ಸಜ್ಜೆ ಯಾವಾಗ ಬಿತ್ತಿದರು, ಹಿಂಗಾರಿ ಕೈಕೊಟ್ಟ ವರ್ಷ ಮೇವಿಗೆ ಎಲ್ಲಿಗೆ ಹೋದರು ಎಂದು ಬರೆದಿಟ್ಟ ವಹಿಗಳು ಸಿಗುತ್ತವೆ. ಯಲಬುರ್ಗಾ ಕಡೆ ಶಾಲೆಯ ಮಾಸ್ತರರು ಬೀಸುವ ಪದ, ಸೋಬಾನೆ ಪದಗಳನ್ನು ಮುದುಕಿಯರ ಬಾಯಿಂದ ಕೇಳಿ ಬರೆದುಕೊಂಡಿರುತ್ತಾರೆ. ಗಂಗಾವತಿಯಲ್ಲಿ ಕಾಲುವೆಗೆ ನೀರು ಬಿಟ್ಟ ದಿನ, ಭತ್ತದ ಧಾರಣೆ, ನಾಟಿಗೆ ಬಂದ ಆಳುಗಳ ಕೂಲಿ ಎಲ್ಲವನ್ನೂ ತಾರೀಖಿನೊಂದಿಗೆ ಇಟ್ಟವರಿದ್ದಾರೆ. ಊರಿನ ಜಾತ್ರೆ, ಬಯಲಾಟ, ಸತ್ತವರು, ಹುಟ್ಟಿದವರು, ಬರ, ಪ್ಲೇಗು, ಎಲ್ಲವೂ ಒಬ್ಬರ ಕೈಬರಹದಲ್ಲಿ ಒಂದೇ ಕಡೆ ಸೇರಿರುತ್ತವೆ. ಅಚ್ಚಾಗಬೇಕೆಂಬ ಆಸೆಯಿಂದ ಬರೆದದ್ದು ಕಡಿಮೆ. ಮರೆತುಹೋದೀತು ಎಂಬ ಕಳವಳದಿಂದ ಬರೆದದ್ದೇ ಹೆಚ್ಚು.

ಇಂಥ ಬರಹವನ್ನು ಹತ್ತಾರು ವರ್ಷ ನಡೆಸಿಕೊಂಡು ಬರುವುದು ಹೇಗೆ, ನಡುವೆ ಅದಕ್ಕೆ ಹೊಸ ರೂಪ ಕೊಡುವುದು ಹೇಗೆ ಎಂಬುದು ಇವತ್ತಿನ ಮಾತಿನ ವಿಷಯ. ಬಹುಕಾಲ ಬರೆದ ಪ್ರತಿಯೊಬ್ಬರಿಗೂ ಒಂದು ಘಟ್ಟ ಬಂದೇ ಬರುತ್ತದೆ. ವಹಿಯ ಹೊಲಿಗೆ ಬಿಚ್ಚಿರುತ್ತದೆ, ಶಾಯಿ ಮಾಸಿರುತ್ತದೆ, ಕಂಪ್ಯೂಟರಿನಲ್ಲಿ ಬರೆದವರಾದರೆ ಕಂಪ್ಯೂಟರೇ ಬದಲಾಗಿರುತ್ತದೆ. ಆಗ ಎಲ್ಲವನ್ನೂ ಹೊಸದಾಗಿ ಜೋಡಿಸಬೇಕು ಅನ್ನಿಸುತ್ತದೆ. ಹೊಸ ರೂಪ ಎಂದಕೂಡಲೇ ನಮ್ಮ ಮನಸ್ಸು ಚೆಂದದ ಮುಖಪುಟಕ್ಕೆ, ಬಣ್ಣಕ್ಕೆ, ಅಕ್ಷರದ ಅಂದಕ್ಕೆ ಹೋಗುತ್ತದೆ. ಅವೆಲ್ಲ ಬೇಕು, ನನಗೂ ಇಷ್ಟ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಬರೆದವರು ಪಕ್ಕದಲ್ಲಿ ಇಲ್ಲದ ದಿನ, ಈ ಬರಹವನ್ನು ಇನ್ನೊಬ್ಬರು ಓದಬಲ್ಲರೆ?

ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಒಂದು, ಹತ್ತಿರದ ಪಾಲ್ಕಿಗುಂಡಿನ ಮೇಲೆ ಒಂದು, ಹೀಗೆ ಅಶೋಕನ ಎರಡು ಶಾಸನಗಳು ನಮ್ಮ ಊರ ಪಕ್ಕದಲ್ಲೇ ಇವೆ. ಗವಿಸಿದ್ಧೇಶ್ವರ ಜಾತ್ರೆಗೆ ಬಂದವರು ತೇರು ನೋಡಿ, ದಾಸೋಹದಲ್ಲಿ ಉಂಡು, ಹಾಗೆಯೇ ಬೆಟ್ಟ ಹತ್ತಿ ಆ ಬಂಡೆಯನ್ನೂ ನೋಡಿ ಬರಬೇಕು ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ರಾಜನ ಶಾಸನ ಎಂದರೆ ದತ್ತಿ, ದಂಡ, ಯುದ್ಧದ ವಿಷಯ ಇರಬೇಕು ಎಂದುಕೊಳ್ಳುತ್ತೇವೆ. ಇದು ಹಾಗಿಲ್ಲ. ಇದರಲ್ಲಿ ಅಶೋಕ ತನ್ನ ಸ್ವಂತ ವಿಚಾರ ಹೇಳಿಕೊಳ್ಳುತ್ತಾನೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ತಾನು ಅಷ್ಟೊಂದು ಶ್ರಮಪಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಜವಾಗಿ ಶ್ರಮಪಟ್ಟೆ ಎನ್ನುತ್ತಾನೆ. ಆ ಶ್ರಮದ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವರೂ ಯತ್ನಪಟ್ಟರೆ ಸಿಗುತ್ತದೆ ಎನ್ನುತ್ತಾನೆ. ಈ ಯತ್ನ ಬಹುಕಾಲ ನಿಲ್ಲಲಿ ಎಂದೂ ಹೇಳುತ್ತಾನೆ. ಈ ಶಾಸನದ ಹಲವು ಪ್ರತಿಗಳಲ್ಲಿ 256 ಎಂಬ ಸಂಖ್ಯೆ ಇದೆ, ಅದು ಅವನು ಹೊರಗೆ ಕಳೆದ ರಾತ್ರಿಗಳ ಲೆಕ್ಕ ಎಂದು ವಿದ್ವಾಂಸರಲ್ಲಿ ಅನೇಕರ ಅಭಿಪ್ರಾಯ. ತನ್ನ ಒಳಗಿನ ಬದಲಾವಣೆಯನ್ನು ವರ್ಷದ ಲೆಕ್ಕ ಇಟ್ಟು ಬರೆದು, ಎಲ್ಲರೂ ನೋಡುವ ಕಡೆ ನಿಲ್ಲಿಸಿದ ಬರಹ ಇದು. ನಮ್ಮ ನೆಲದ ಮೇಲೆ ಉಳಿದಿರುವ ಅತಿ ಹಳೆಯ ಬರಹ ಒಬ್ಬ ಮನುಷ್ಯ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು ಎನ್ನುವುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಈಗ ನಾನು ಹೇಳಹೊರಟದ್ದಕ್ಕೆ ಬರುತ್ತೇನೆ. ಬಂಡೆ ಉಳಿಯಿತು, ಅಕ್ಷರವೂ ಉಳಿಯಿತು. ಓದು ಉಳಿಯಲಿಲ್ಲ. ಆ ಶಾಸನದ ಬ್ರಾಹ್ಮಿ ಲಿಪಿಯಿಂದಲೇ ನಮ್ಮ ಕನ್ನಡ ಅಕ್ಷರ ಶತಮಾನಗಳ ಕಾಲ ಬೆಳೆಯುತ್ತ ಬೇರೆ ರೂಪಕ್ಕೆ ಬಂತು, ಬೆಳೆಯುತ್ತಲೇ ತಾಯಿಯ ಮುಖ ಮರೆಯಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳುಗನ್ನಡದ ಊರುಗಳನ್ನು ಹೆಸರಿಸುವಾಗ ಕೊಪಣ ನಗರವನ್ನೂ, ಅಂದರೆ ನಮ್ಮ ಕೊಪ್ಪಳವನ್ನೂ, ಹೆಸರಿಸುತ್ತದೆ. ಆ ಹೊತ್ತಿಗೆ ಅಶೋಕನ ಕಾಲದ ಬ್ರಾಹ್ಮಿಯನ್ನು ಓದುವ ರೂಢಿ ಪೂರ್ತಿ ತಪ್ಪಿಹೋಗಿತ್ತು. ಜೈನರ ದೊಡ್ಡ ತೀರ್ಥವಾಗಿದ್ದ ಕೊಪಣದಲ್ಲಿ ಕನ್ನಡ ಶಾಸನ ಕೆತ್ತುವ ಕೈಗಳಿಗೆ ಬರವಿರಲಿಲ್ಲ, ಆದರೆ ಪಕ್ಕದ ಬಂಡೆಯ ಗೆರೆಗಳು ಅವರಿಗೆ ಗೆರೆಗಳಷ್ಟೇ. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅಶೋಕನ ಕಂಬಗಳನ್ನು ದೆಹಲಿಗೆ ಸಾಗಿಸಿ ನಿಲ್ಲಿಸಿದ. ಅವುಗಳ ಮೇಲಿದ್ದುದನ್ನು ಓದುವವರು ಅವನ ರಾಜ್ಯದಲ್ಲೂ ಸಿಗಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಬೀಗ ತೆಗೆದ. ನಮ್ಮ ಗವಿಮಠದ ಬಂಡೆ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1931ರಲ್ಲಿ. ಮರುವರ್ಷ ಆರ್. ಎಲ್. ಟರ್ನರ್ ಅದನ್ನೂ ಪಾಲ್ಕಿಗುಂಡಿನದನ್ನೂ ಓದಿ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ಕಲ್ಲಿನಷ್ಟು ಗಟ್ಟಿಯಾದ ವಸ್ತುವಿನ ಮೇಲೆ ಬರೆದರೂ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಆ ಮಾತು ಯಾರ ಕಿವಿಗೂ ಬೀಳಲಿಲ್ಲ.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಇನ್ನೂ ಒಂದು ಶಾಸನವಿದೆ. ತನ್ನ ಬರಹವನ್ನು ತಾನೇ ನಡೆಸುವ ಪ್ರತಿಯೊಬ್ಬರೂ ಅದರ ಅರ್ಥ ತಿಳಿದುಕೊಳ್ಳಬೇಕು. ಅಲ್ಲಿನ ಚಂದ್ರಲಾಂಬ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿ 1980ರ ದಶಕದಲ್ಲಿ ಹೊರಬಂದಾಗ, ಅದು ಅಶೋಕನ ಶಾಸನ ಎಂದು ತಿಳಿಯಿತು. ಮೂರ್ತಿ ಕೂರಿಸಲು ಕಲ್ಲಿನ ನಡುವೆ ತೂತು ಕೊರೆದಿದ್ದರು, ಅಷ್ಟು ಅಕ್ಷರ ಹೋಗಿಯೇಬಿಟ್ಟಿತ್ತು. ಪೀಠ ಮಾಡಿದವರನ್ನು ಬಯ್ಯುವಂತಿಲ್ಲ, ಅವರ ಕಣ್ಣಿಗೆ ಅದೊಂದು ಒಳ್ಳೆಯ ಸಮತಟ್ಟಾದ ಕಲ್ಲು. ಆ ಚಪ್ಪಡಿಯಲ್ಲಿ ಅಶೋಕನ ಹದಿನಾಲ್ಕನೆಯ ಶಿಲಾಶಾಸನದ ಭಾಗವಿದೆ. ಬೇರೆಡೆಯ ಪ್ರತಿಗಳಿಂದ ಅದರ ಪೂರ್ಣ ಅರ್ಥ ನಮಗೆ ಗೊತ್ತು. ಅದರಲ್ಲಿ ಅವನು ಧರ್ಮದ ಬೋಧನೆ ಮಾಡುವುದಿಲ್ಲ, ತನ್ನ ಬರಹಗಳ ಬಗ್ಗೆಯೇ ಮಾತಾಡುತ್ತಾನೆ. ನನ್ನ ಬರಹ ಕೆಲವು ಕಡೆ ಚಿಕ್ಕದಾಗಿದೆ, ಕೆಲವು ಕಡೆ ಮಧ್ಯಮ, ಕೆಲವು ಕಡೆ ವಿಸ್ತಾರ. ಎಲ್ಲವೂ ಎಲ್ಲ ಕಡೆ ಹೊಂದುವುದಿಲ್ಲ. ರಾಜ್ಯ ದೊಡ್ಡದು, ಬಹಳ ಬರೆಸಿದ್ದೇನೆ, ಇನ್ನೂ ಬರೆಸುತ್ತೇನೆ. ಕೆಲವು ಮಾತು ಸವಿಯಾದದ್ದರಿಂದ ಮತ್ತೆ ಮತ್ತೆ ಹೇಳಿದ್ದೇನೆ, ಜನ ಅದರಂತೆ ನಡೆಯಲಿ ಎಂದು. ಕೆಲವೆಡೆ ಅರೆಬರೆ ಆಗಿದ್ದರೆ ಅದು ಸ್ಥಳದ ಕಾರಣದಿಂದ, ಇಲ್ಲವೇ ಲಿಪಿಕಾರನ ತಪ್ಪಿನಿಂದ ಎನ್ನುತ್ತಾನೆ. ಇದು ಅವನ ಮಾತಿನ ಸಾರಾಂಶ, ಅಕ್ಷರಶಃ ಅನುವಾದವಲ್ಲ. ತನ್ನ ಬರಹದಲ್ಲಿ ಪುನರುಕ್ತಿ ಇದೆ, ಕೊರತೆ ಇದೆ, ಒಂದೊಂದು ಕಡೆ ಒಂದೊಂದು ಅಳತೆ ಇದೆ ಎಂಬುದನ್ನು ಓದುಗರ ಮುಂದೆ ಬಿಚ್ಚಿ ಹೇಳಿದ ಈ ಪ್ರಾಮಾಣಿಕತೆ ನನಗೆ ಅಪಾರ ಗೌರವ ಹುಟ್ಟಿಸುತ್ತದೆ. ಹಳೆಯ ವಹಿಗಳನ್ನು ಹೊಸದಾಗಿ ಜೋಡಿಸುವವರು ಮೊದಲ ಪುಟದಲ್ಲಿ ಇಂಥದೇ ಒಂದು ಹೇಳಿಕೆ ಬರೆಯಬೇಕು: ಯಾವುದು ಪೂರ್ತಿ, ಯಾವುದು ಅರ್ಧ, ಯಾವುದು ಕಳೆದಿದೆ.

ಓದು ತಪ್ಪಿಹೋಗಲು ಸಾವಿರ ವರ್ಷ ಬೇಕಾಗಿಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಮನೆಗಳಲ್ಲೇ ಇದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ಎಲ್ಲ ಪ್ರದೇಶ 1948ರ ಸೆಪ್ಟೆಂಬರಿನವರೆಗೆ ನಿಜಾಮರ ರಾಜ್ಯದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಶಾಲೆ ಕಲಿತವರು ಉರ್ದುವಿನಲ್ಲೇ ಕಲಿತರು, ಅರ್ಜಿ ಉರ್ದುವಿನಲ್ಲೇ ಬರೆದರು, ಜಮೀನಿನ ಕಾಗದಗಳೂ ಆ ಲಿಪಿಯಲ್ಲೇ ಬಂದವು. ಇವತ್ತಿಗೂ ಹೊಲದ ವ್ಯಾಜ್ಯ ಬಂದಾಗ ಖಾಸ್ರಾ ಪಹಣಿ ತೆಗೆಸಬೇಕು, ಅದಕ್ಕಿಂತ ಹಿಂದಿನದಾದರೆ ಸೇತ್ವಾರ ಹುಡುಕಬೇಕು. ಹುಡುಕಿದ ಮೇಲೆ ಓದಿ ಹೇಳಬಲ್ಲ ಹಿರಿಯರೊಬ್ಬರ ಮನೆ ಬಾಗಿಲಿಗೆ ಹೋಗಬೇಕು. ಅಜ್ಜ ನಿರರ್ಗಳವಾಗಿ ಬರೆದದ್ದು ಮೊಮ್ಮಗನಿಗೆ ಚಿತ್ರ. ಕಾಗದ ಟ್ರಂಕಿನಲ್ಲಿ ಭದ್ರವಾಗಿಯೇ ಇದೆ.

ಆ ಕಾಲದಲ್ಲೇ, ಅದೇ ವಾತಾವರಣದಲ್ಲೇ ಕನ್ನಡದಲ್ಲಿ ಬರೆಯುವ ಹಟ ಹಿಡಿದವರನ್ನು ನಾವು ನೆನೆಯಬೇಕು. ನಮ್ಮ ಜಿಲ್ಲೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಹೈದರಾಬಾದಿನಲ್ಲಿ ಓದಿ, ಮುಂದೆ ದೊಡ್ಡ ಆಡಳಿತಾಧಿಕಾರಿಯಾದರು. ಕಚೇರಿಯ ಕಡತಗಳ ನಡುವೆ ಜೀವಮಾನವಿಡೀ ಕನ್ನಡದಲ್ಲಿ ಕವಿತೆ, ವಚನ ಬರೆದರು, ‘ಕಾವ್ಯಾನಂದ’ ಎಂದು ಹೆಸರಿಟ್ಟುಕೊಂಡರು. 1987ರಲ್ಲಿ ಕಲಬುರಗಿಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹನ್ನೆರಡನೆಯ ಶತಮಾನದ ವಚನದ ರೂಪವನ್ನು ಇಪ್ಪತ್ತನೆಯ ಶತಮಾನದ ಬದುಕಿಗೆ ಅವರು ಒಗ್ಗಿಸಿಕೊಂಡರು. ಹಾಗೆ ಒಗ್ಗಿಸಿಕೊಳ್ಳಲು ಆ ಹಳೆಯ ವಚನಗಳು ಅವರ ಕೈಗೆ ಓದಲು ಸಿಕ್ಕಿರಬೇಕಲ್ಲವೆ? ಅವು ಸಿಗುವಂತೆ ಮಾಡಿದ ಇನ್ನೊಬ್ಬರ ಕತೆ ಹೇಳದೆ ಈ ಮಾತು ಮುಂದುವರಿಯುವುದಿಲ್ಲ.

ಫ. ಗು. ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲರಾಗಿ ನೆಲೆಸಿದವರು. ವಕೀಲಿಕೆಯಲ್ಲಿ ಒಳ್ಳೆಯ ಹೆಸರಿತ್ತು, ದುಡ್ಡು ಮಾಡಬಹುದಿತ್ತು. ಅವರು ಊರೂರು ತಿರುಗಿ, ಮಠಗಳಲ್ಲಿ, ಹಳೆಯ ಮನೆಗಳ ಅಟ್ಟದಲ್ಲಿ, ಜಗಲಿಯ ಗೂಡುಗಳಲ್ಲಿ ಇದ್ದ ತಾಡೋಲೆಯ ಕಟ್ಟುಗಳನ್ನು ಹುಡುಕಿದರು. ಪೂಜೆ ಮಾಡಿ ಮುಚ್ಚಿಡುತ್ತಿದ್ದ ಕಟ್ಟುಗಳವು, ಬಿಚ್ಚಿ ಓದುವವರು ವಿರಳ. ತಾಡೋಲೆ ನೋಡಿದವರಿಗೆ ಗೊತ್ತು, ಕಂಟವೆಂಬ ಕಬ್ಬಿಣದ ಲೇಖನಿಯಿಂದ ಕೊರೆದ ಅಕ್ಷರದ ಗೆರೆಗೆ ಮಸಿ ತುಂಬಿದರೇ ಕಣ್ಣಿಗೆ ಕಾಣುವುದು. ಪದ ಪದದ ನಡುವೆ ಜಾಗ ಬಿಡುವುದಿಲ್ಲ, ಚುಕ್ಕೆ ಗೆರೆ ಏನೂ ಇಲ್ಲ, ಗರಿಯ ತುದಿಯವರೆಗೆ ಅಕ್ಷರಗಳ ಸಾಲು. ಒಂದು ವಚನ ಮುಗಿದು ಇನ್ನೊಂದು ಶುರುವಾಯಿತು ಎಂದು ಹೇಳಲು ವಚನಕಾರರ ಅಂಕಿತವೇ ಗುರುತು. ಅದನ್ನು ಬಿಡಿಸಿ, ಸಾಲು ಮಾಡಿ, ವಿಷಯದ ಪ್ರಕಾರ ಜೋಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ಎಂಬ ಪುಸ್ತಕ ತಂದರು. ಅಚ್ಚಿನ ಕೆಲಸಕ್ಕೆ ಮನೆ ಮಾರಿ ಸ್ವಂತ ಮುದ್ರಣಾಲಯ ಹಾಕಿದರು, ಅದರ ಹೆಸರು ಹಿತಚಿಂತಕ. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿ ಮೂವತ್ತು ವರ್ಷಕ್ಕೂ ಮೀರಿ ನಡೆಸಿದರು. ಆರಂಭದಲ್ಲಿ ಮೂರು ತಿಂಗಳಿಗೊಮ್ಮೆ ಬರುತ್ತಿದ್ದುದು ಮುಂದೆ ತಿಂಗಳ ಪತ್ರಿಕೆಯಾಯಿತು. ಹೊಸ ಕಟ್ಟು ಸಿಕ್ಕ ಹಾಗೆ ಹೊಸ ವಚನಕಾರರು ಅದರಲ್ಲಿ ಕಾಣಿಸಿಕೊಂಡರು.

ನಾವು ಹಳಕಟ್ಟಿಯವರ ತ್ಯಾಗದ ಬಗ್ಗೆ ಬಹಳ ಮಾತಾಡುತ್ತೇವೆ, ಮಾತಾಡಲೇಬೇಕು. ಅವರ ಕೆಲಸದ ಕ್ರಮದ ಬಗ್ಗೆ ಕಡಿಮೆ ಮಾತಾಡುತ್ತೇವೆ. ಓಲೆಗರಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಗರಿ ಉಳಿಯುತ್ತಿತ್ತು. ಅವರು ಮಾತನ್ನು ಗರಿಯಿಂದ ಎತ್ತಿ ಅಂದಿನ ಓದುಗ ಓದಬಲ್ಲ ರೂಪಕ್ಕೆ ತಂದರು. ಪದ ಬಿಡಿಸಿದರು, ಸಾಲು ಬಿಡಿಸಿದರು, ಮಾತನ್ನು ಮಾತ್ರ ಹಾಗೆಯೇ ಉಳಿಸಿದರು. ಇದೇ ಕೆಲಸ ಅವರ ನಂತರವೂ ಆಯಿತು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಂಪುಟಗಳನ್ನು ಹದಿನೈದು ಭಾಗಗಳಲ್ಲಿ ಹೊರತಂದಿತು. ಈಗ ‘ವಚನ ಸಂಚಯ’ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಕ್ಷಣದಲ್ಲಿ ಹುಡುಕಬಹುದು. ಗರಿಯಿಂದ ಪತ್ರಿಕೆಗೆ, ಪತ್ರಿಕೆಯಿಂದ ಸಂಪುಟಕ್ಕೆ, ಸಂಪುಟದಿಂದ ಹುಡುಕುವ ಪರದೆಗೆ, ಪ್ರತಿ ಸಲವೂ ಯಾರೋ ಕುಳಿತು ಕೆಲಸ ಮಾಡಿದ್ದಾರೆ. ಒಂದು ಸಲ ತಪ್ಪಿದ್ದರೂ ಸರಪಳಿ ಹರಿಯುತ್ತಿತ್ತು.

ಮಾಸ್ತಿಯವರದ್ದೂ ಇಂಥದೇ ಉದಾಹರಣೆ. 1944ರಿಂದ 1965ರವರೆಗೆ ‘ಜೀವನ’ ಮಾಸಪತ್ರಿಕೆಯನ್ನು ನಡೆಸಿ ತಿಂಗಳು ತಿಂಗಳು ಸಂಪಾದಕೀಯ ಬರೆದರು. ಮುಂದೆ ಅವು ಪುಸ್ತಕಗಳಾಗಿ ಬಂದದ್ದರಿಂದ ನಾವು ಇಂದು ಓದುತ್ತೇವೆ. ಹಳೆಯ ಸಂಚಿಕೆ ಎಷ್ಟು ಮನೆಗಳಲ್ಲಿ ಉಳಿದೀತು?

ಈಗ ನಮ್ಮ ಕಾಲಕ್ಕೆ ಬರೋಣ. 1990ರ ದಶಕದ ಕೊನೆಯಿಂದ ನಮ್ಮ ಊರುಗಳಲ್ಲಿ ಡಿಟಿಪಿ ಅಂಗಡಿಗಳು ಬಂದವು. ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಊರಿನ ಇತಿಹಾಸದ ಪುಟ್ಟ ಪುಸ್ತಕ ಎಲ್ಲ ಅಲ್ಲೇ ತಯಾರಾದವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಇವೆರಡೂ ಇಲ್ಲದಿದ್ದರೆ ಸಾವಿರಾರು ಕನ್ನಡಿಗರು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ಅವರ ಉಪಕಾರ ದೊಡ್ಡದು. ಆದರೆ ಆ ಕಾಲದ ಫಾಂಟುಗಳು ಕೆಲಸ ಮಾಡುತ್ತಿದ್ದ ರೀತಿಯನ್ನು ನಾವು ತಿಳಿಯಬೇಕು. ಕಂಪ್ಯೂಟರಿನ ಒಳಗೆ ಇಂಗ್ಲಿಷಿನ ಹಾಗೂ ಯುರೋಪಿನ ಅಕ್ಷರಗಳಿಗೆಂದು ಇದ್ದ ಸ್ಥಾನಗಳಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನು, ತಲೆಕಟ್ಟನ್ನು, ಒತ್ತನ್ನು, ಕೊಂಬನ್ನು ಕೂರಿಸಿದ್ದರು. ಕಣ್ಣಿಗೆ ಕನ್ನಡ ಕಾಣುತ್ತಿತ್ತು, ಒಳಗೆ ಯಂತ್ರ ನೆನಪಿಟ್ಟುಕೊಂಡದ್ದು ಬೇರೆಯೇ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕನ್ನಡ, ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ, ಕೊಕ್ಕೆಗಳ ರಾಶಿ.

ಡಿಟಿಪಿ ಅಂಗಡಿಯ ಹುಡುಗರು ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: “ಫೈಲ್ ಐತ್ರಿ ಸರ, ಫಾಂಟ್ ಇಲ್ರಿ. ಅದಕ್ಕ ಹಿಂಗ ಬರಾಕತ್ತೈತಿ.” ಬರಹ ಇದೆ, ಓದಲು ಬರುವುದಿಲ್ಲ. ಗವಿಮಠದ ಬಂಡೆಗೆ ಆದದ್ದೂ ಇದೇ. ಬಂಡೆಗೆ ಅದು ಆಗಲು ಶತಮಾನಗಳು ಹಿಡಿದವು, ನಮ್ಮ ಸೀಡಿಗಳಿಗೆ ಇಪ್ಪತ್ತು ವರ್ಷ ಸಾಕಾಯಿತು.

ಪರಿಹಾರ ಇದೆ, ಅದೂ ಖರ್ಚಿಲ್ಲದ್ದು. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ 1991ರಿಂದ ತನ್ನದೇ ಸ್ಥಾನವಿದೆ. ಯಾವ ಫೋನಿನಲ್ಲಿ, ಯಾವ ದೇಶದಲ್ಲಿ ತೆರೆದರೂ ಕ ಎಂಬುದು ಕ ಆಗಿಯೇ ಇರುತ್ತದೆ. ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತಕದಲ್ಲಿ ಹಾಕಿ ತೆಗೆದಾಕ್ಷಣ ಕೆಲಸ ಮುಗಿಯುವುದಿಲ್ಲ, ಕಣ್ಣಿಟ್ಟು ಓದಬೇಕು. ಹೊಸದಾಗಿ ಈ ಕೆಲಸಕ್ಕೆ ಕೂರುವವರಿಗೆ ನಾನು ಒಂದು ಪರೀಕ್ಷೆ ಹೇಳುತ್ತೇನೆ. ಪರಿವರ್ತನೆಯಾದ ಕಡತದಲ್ಲಿ ನಮ್ಮ ನಾಲ್ಕು ಊರುಗಳ ಹೆಸರನ್ನು ಹುಡುಕಿ ನೋಡಿ.

ಯಲಬುರ್ಗಾ ಎಂಬುದರಲ್ಲಿ ಅರ್ಕಾವತ್ತು ಇದೆ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಇಡುತ್ತಿದ್ದರು. ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರ ಮೊದಲು ಬರಬೇಕು. ಪರಿವರ್ತಕ ಎಡವುವ ಮೊದಲ ಜಾಗ ಇದು. ಯಲಬುರ್ಗಾ ಎಡವಿದ್ದರೆ ಸೂರ್ಯ, ಕರ್ನಾಟಕ, ವರ್ಷ ಎಲ್ಲವೂ ಎಡವಿರುತ್ತವೆ.

ಗಂಗಾವತಿಯಲ್ಲಿ ಅನುಸ್ವಾರ ಇದೆ. ಬೆರಳಚ್ಚು ಮಾಡುವವರು ಆತುರದಲ್ಲಿ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿರುತ್ತಾರೆ. ಎರಡೂ ನೋಡಲು ಒಂದೇ ಥರ ದುಂಡಗೆ, ಅಚ್ಚಿನಲ್ಲಿ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ನಾಳೆ ಮೊಮ್ಮಗಳು ಗಂಗಾವತಿ ಎಂದು ಹುಡುಕಿದರೆ, ಸೊನ್ನೆ ಇಟ್ಟು ಬರೆದ ಗಂಗಾವತಿ ಅವಳಿಗೆ ಸಿಗುವುದೇ ಇಲ್ಲ. ಇಂಥ ಸೊನ್ನೆಗಳನ್ನು ಒಮ್ಮೆಲೇ ಬದಲಿಸುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಇಸವಿಗಳಲ್ಲಿ, ಧಾರಣೆಗಳಲ್ಲಿ ಇರುವ ನಿಜವಾದ ಸೊನ್ನೆಗಳೂ ಅನುಸ್ವಾರಗಳಾಗಿಬಿಡುತ್ತವೆ. ಅಕ್ಷರದ ಪಕ್ಕದ ಸೊನ್ನೆ ಬೇರೆ, ಅಂಕಿಯ ಪಕ್ಕದ ಸೊನ್ನೆ ಬೇರೆ ಎಂದು ನೋಡುತ್ತ ಹೋಗಬೇಕು.

ಕೊಪ್ಪಳದಲ್ಲಿ ಒಕಾರವೂ ಪಕಾರದ ಒತ್ತೂ ಇವೆ, ಕುಷ್ಟಗಿಯಲ್ಲಿ ಷಕಾರಕ್ಕೆ ಟಕಾರದ ಒತ್ತಿದೆ. ಈ ನಾಲ್ಕು ಹೆಸರು ಎಲ್ಲ ಕಡೆ ಸರಿಯಾಗಿ ಬಂದಿದ್ದರೆ ಪರಿವರ್ತನೆ ಬಹುಮಟ್ಟಿಗೆ ಸರಿ ಇದೆ ಎಂದು ಧೈರ್ಯ ತಂದುಕೊಳ್ಳಬಹುದು. ಇನ್ನು ರಾಜ್‌ಕುಮಾರ್ ಎಂಬಂಥ ಹೆಸರುಗಳಲ್ಲಿ ಜಕಾರ ಅರ್ಧಕ್ಕೆ ನಿಂತು ಕಕಾರ ಬೇರೆಯಾಗಿ ಬರಬೇಕು. ಅಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕದಿದ್ದರೆ ಕಕಾರ ಹೋಗಿ ಜಕಾರದ ಕೆಳಗೆ ಒತ್ತಾಗಿ ಕೂರುತ್ತದೆ. ಮುನಿರಾಬಾದ್‌ನಲ್ಲಿ, ಹೈದರಾಬಾದ್‌ನಲ್ಲಿ ಎಂದು ಬರೆಯುವ ನಮ್ಮ ಕಡೆಯವರಿಗೆ ಇದು ದಿನವೂ ಎದುರಾಗುವ ವಿಷಯ.

ರೂಪ ಬದಲಾಯಿತು, ಸರಿ. ಮಾತನ್ನು ತಿದ್ದಬೇಕೆ? ಇಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ತಿದ್ದಬಾರದು. 1997ಕ್ಕಿಂತ ಮೊದಲು ಬರೆದವರು ‘ರಾಯಚೂರು ಜಿಲ್ಲೆಯ ಕೊಪ್ಪಳ ತಾಲ್ಲೂಕು’ ಎಂದು ಬರೆದಿರುತ್ತಾರೆ. ಆಗ ಅದೇ ಸತ್ಯ. ದ್ಯಾಂಪುರವನ್ನು ಯಲಬುರ್ಗಾ ತಾಲ್ಲೂಕು ಎಂದು ಬರೆದ ಪುಸ್ತಕಗಳು ಬಹಳ, ಈಚೆಗೆ ಕುಕನೂರು, ಕನಕಗಿರಿ, ಕಾರಟಗಿ ಬೇರೆ ತಾಲ್ಲೂಕುಗಳಾಗಿವೆ. ಹಳೆಯ ಬರಹವನ್ನು ಇಂದಿನ ಜಿಲ್ಲಾ ನಕ್ಷೆಗೆ ಹೊಂದಿಸಿ ತಿದ್ದಿಬಿಟ್ಟರೆ, ಬರೆದ ಕಾಲ ಯಾವುದು ಎಂಬ ಗುರುತೇ ಅಳಿದುಹೋಗುತ್ತದೆ. ಮೂಲ ಹಾಗೆಯೇ ಇರಲಿ, ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಈಗ ಕುಕನೂರು ತಾಲ್ಲೂಕು’ ಎಂದು ಸೇರಿಸಿ, ಸೇರಿಸಿದ ತಾರೀಖನ್ನೂ ಹಾಕಬೇಕು. ಹೆಸರಿನ ಬೇರೆ ಬೇರೆ ರೂಪಗಳಿಗೂ ಇದೇ ಮಾತು. ನಿಜಾಮರ ಕಾಲದ ಕಾಗದಗಳಲ್ಲಿ ಕೊಪ್ಪಳ ‘ಕೊಪಬಾಳ’ ಆಗಿರುತ್ತದೆ, ಕಿನ್ನಾಳವನ್ನು ಕಿನ್ಹಾಳ ಎಂದು ಬರೆಯುವವರಿದ್ದಾರೆ. ಬರಹದಲ್ಲಿ ಇದ್ದದ್ದು ಇದ್ದ ಹಾಗೆ ಇರಲಿ, ಕೊನೆಯ ಪದಸೂಚಿಯಲ್ಲಿ ಎರಡೂ ರೂಪ ಕೊಡಬೇಕು. ಬೀಸುವ ಪದದಲ್ಲಿ ಅಜ್ಜಿ ‘ಹೋಗತಾಳ’ ಎಂದಿದ್ದರೆ ‘ಹೋಗುತ್ತಾಳೆ’ ಎಂದು ಮಾಡುವುದಂತೂ ಅನ್ಯಾಯ. ಮಾಸ್ತರರು ಕೇಳಿ ಬರೆದುಕೊಂಡದ್ದು ಅಜ್ಜಿಯ ಮಾತನ್ನು, ಪಠ್ಯಪುಸ್ತಕದ ಮಾತನ್ನಲ್ಲ.

ಹಳೆಯ ಅಭಿಪ್ರಾಯ ಈಗ ನಮಗೇ ಒಪ್ಪಿಗೆಯಾಗದಿದ್ದರೆ? ಅದನ್ನೂ ಉಳಿಸಿ, ಪಕ್ಕದಲ್ಲಿ ಹೊಸ ಅಭಿಪ್ರಾಯ ಬರೆಯಬೇಕು. ಇಪ್ಪತ್ತು ವರ್ಷದಲ್ಲಿ ಒಬ್ಬ ಮನುಷ್ಯನ ತಿಳಿವಳಿಕೆ ಹೇಗೆ ಬೆಳೆಯಿತು ಎಂದು ತಿಳಿಯುವ ದಾರಿ ಇದೊಂದೇ. ಮೊದಲ ವರ್ಷ ಅಷ್ಟಾಗಿ ಶ್ರಮಪಡಲಿಲ್ಲ ಎಂಬ ಮಾತನ್ನು ಅಶೋಕ ಕೆತ್ತಿಸದೆ ಬಿಡಬಹುದಿತ್ತು. ಅದನ್ನೂ ಕೆತ್ತಿಸಿದ್ದರಿಂದಲೇ ಮುಂದಿನ ಸಾಲಿಗೆ ತೂಕ ಬಂದಿದೆ.

ಇನ್ನು ಇಡುವ ಜಾಗದ ಮಾತು. ಯಾವುದೋ ಕಂಪನಿಯ ಉಚಿತ ಜಾಗದಲ್ಲಿ ಮಾತ್ರ ಇಟ್ಟರೆ ಅದು ಆ ಕಂಪನಿ ಇರುವವರೆಗೆ. 1990ರ ದಶಕದಲ್ಲಿ ಲೋಕದ ಲಕ್ಷಾಂತರ ಸಾಮಾನ್ಯ ಜನ ತಮ್ಮ ಬರಹ, ಮನೆತನದ ಕತೆ, ಊರಿನ ಚಿತ್ರಗಳನ್ನು ಇಟ್ಟಿದ್ದ ಜಿಯೋಸಿಟೀಸ್ 2009ರಲ್ಲಿ ಬಾಗಿಲು ಹಾಕಿತು. ಕೆಲವು ಸ್ವಯಂಸೇವಕರು ಹಗಲಿರುಳು ಪ್ರತಿ ಮಾಡಿಕೊಂಡದ್ದರಿಂದ ಒಂದಿಷ್ಟು ಉಳಿಯಿತು. ಒಂದೇ ಬರಹ ಮೂರು ಕಡೆ ಇರಬೇಕು, ಅದರಲ್ಲಿ ಒಂದು ಕಾಗದದ ಮೇಲೆ ಇರಬೇಕು ಎಂಬುದು ನನ್ನ ಕಟ್ಟುನಿಟ್ಟಿನ ಸಲಹೆ. ಗವಿಮಠದ ಬಂಡೆಯಲ್ಲಿರುವ ಅಶೋಕನ ಮಾತು ಉಳಿದು ಬಂದದ್ದೂ ಹಾಗೆಯೇ, ಹಲವು ಕಡೆ ಇದ್ದುದರಿಂದ. ಪಾಲ್ಕಿಗುಂಡಿನ ಮೇಲಿನದು ಬಹಳ ಸವೆದಿದೆ. ಗವಿಮಠದ್ದು, ಮಸ್ಕಿಯದ್ದು, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯದ್ದು ಎಲ್ಲ ಇರುವುದರಿಂದ ಸವೆದ ಅಕ್ಷರಗಳನ್ನು ತುಂಬಿಕೊಂಡು ಓದಬಹುದು. ಮನೆಯಲ್ಲಿ ತಾಡೋಲೆ ಅಥವಾ ಹಳೆಯ ಕೋರಿ ಕಾಗದದ ಕಟ್ಟು ಇದ್ದವರು ಅದನ್ನು ತಾವೇ ಬಿಚ್ಚಲು ಹೋಗಬೇಡಿ, ಎಣ್ಣೆ ಹಚ್ಚಬೇಡಿ. ಹೊಳೆ ದಾಟಿದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ, ಅಲ್ಲಿ ಹಸ್ತಪ್ರತಿಗಳಿಗೆಂದೇ ಒಂದು ವಿಭಾಗವಿದೆ. ಬಲ್ಲವರ ಕೈಗೆ ಕೊಟ್ಟು ಪ್ರತಿ ಮಾಡಿಸಿಕೊಳ್ಳಬಹುದು.

ಬ್ರಹ್ಮಗಿರಿ ಎಂದೆ, ಅಲ್ಲಿನ ಒಂದು ವಿಷಯ ಹೇಳಬೇಕು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಯ ಶಾಸನಗಳನ್ನು ಬರೆದವನ ಹೆಸರು ಚಪಡ. ಅವನು ಕೊನೆಯಲ್ಲಿ ತನ್ನ ಹೆಸರು ಬರೆದು, ‘ಲಿಪಿಕಾರ’ ಎಂಬ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಒಂದು ಪದದಿಂದ ಅವನು ಎತ್ತಣ ಕಡೆಯವನಿರಬಹುದು, ಎಲ್ಲಿ ಅಕ್ಷರ ಕಲಿತಿರಬಹುದು ಎಂದು ಇಂದಿಗೂ ವಿದ್ವಾಂಸರು ಚರ್ಚಿಸುತ್ತಾರೆ. ನಮ್ಮ ಜಿಲ್ಲೆಯ ಎಷ್ಟೋ ವಹಿಗಳಲ್ಲಿ ಬರೆದವರ ಹೆಸರೇ ಇಲ್ಲ. ಮನೆಯವರಿಗೆ ಗೊತ್ತಿದೆಯಲ್ಲ ಎಂದು ಬಿಟ್ಟಿರುತ್ತಾರೆ. ಹೊಸ ರೂಪ ಕೊಡುವಾಗ ಬರೆದವರ ಪೂರ್ಣ ಹೆಸರು, ಊರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಬರೆದದ್ದು, ಪದ ಹೇಳಿದ ಅಜ್ಜಿಯ ಹೆಸರು, ಈಗ ಪ್ರತಿ ಮಾಡಿದವರ ಹೆಸರು, ಹಳೆಯ ಕಡತದ ಫಾಂಟಿನ ಹೆಸರು ಇಷ್ಟನ್ನೂ ಮೊದಲ ಪುಟದಲ್ಲಿ ಬರೆಯಬೇಕು. ಫಾಂಟಿನ ಹೆಸರು ಮುಖ್ಯ, ಅದು ತಿಳಿದಿದ್ದರೆ ಮಾತ್ರ ಸರಿಯಾದ ಪರಿವರ್ತಕ ಆರಿಸಬಹುದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹಳೆಯ ಡಿಟಿಪಿ ಅಂಗಡಿಗಳ ಮಾಲೀಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ಕಪಾಟಿನಲ್ಲಿರುವ ಸೀಡಿಗಳಲ್ಲಿ, ಮೂಲೆಗೆ ಸೇರಿದ ಕಂಪ್ಯೂಟರುಗಳಲ್ಲಿ ಈ ನಾಲ್ಕೂ ಊರುಗಳ ಕಾಲು ಶತಮಾನದ ಬರಹವಿದೆ. ಪುಸ್ತಕ ಮಾಡಿಸಿದವರಲ್ಲಿ ಕೆಲವರು ತೀರಿಕೊಂಡಿದ್ದಾರೆ, ಅವರ ಮನೆಯವರಿಗೆ ನಿಮ್ಮಲ್ಲಿ ಕಡತ ಇದೆ ಎಂಬುದೂ ತಿಳಿಯದು. ಗುಜರಿಗೆ ಹಾಕುವ ಮೊದಲು ಅವರಿಗೊಂದು ಫೋನು ಮಾಡಿ. ಅವರು ಪೆನ್‌ಡ್ರೈವ್ ತಂದರೆ ಕಡತದ ಜೊತೆಗೆ ಯಾವ ಫಾಂಟಿನಲ್ಲಿ ಬರೆದದ್ದು ಎಂದು ಒಂದು ಚೀಟಿ ಬರೆದು ಕೊಡಿ. ಪರಿವರ್ತನೆ ಮಾಡಲು ಕಾಲೇಜಿನ ಮಕ್ಕಳು ಸಿಗುತ್ತಾರೆ, ತಪ್ಪು ಹುಡುಕಿ ಓದಲು ನಿವೃತ್ತ ಮಾಸ್ತರರು ಸಿಗುತ್ತಾರೆ. ಇಬ್ಬರೂ ಒಂದು ಮೇಜಿನ ಮುಂದೆ ಕೂತರೆ ಒಂದು ಪುಸ್ತಕ ಕೆಲವೇ ದಿನಗಳಲ್ಲಿ ಮುಗಿಯುತ್ತದೆ.